ಬಸ್ಸಿನಲ್ಲಿ ಮುಂದೆ ಹೋದ ಹದಿನೈದು ಮೊಬೈಲು

ಹದಿಹರೆಯದ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಬಹಳ ಸುಲಭ. ಕಳೆದ ಜುಲೈ ತಿಂಗಳ ಒಂದು ಬುಧವಾರ ಮಧ್ಯಾಹ್ನದವರೆಗೂ ನಾನು ಹಾಗೇ ನಂಬಿದ್ದೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಎಂಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಗಂಡ ಪ್ರಸನ್ನನಿಗೆ ಐರ್ಲೆಂಡಿನ ಕಾರ್ಕ್ ನಗರದ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಬೇಸಿಗೆ ಬಂತೆಂದರೆ ಸ್ಪೇನ್, ಇಟಲಿಯ ಮಕ್ಕಳು ಇಂಗ್ಲಿಷ್ ಕಲಿಯಲು ಐರ್ಲೆಂಡಿಗೆ ದಂಡುಗಟ್ಟಿ ಬರುತ್ತಾರೆ. ಐರಿಷ್ ಜನರ ಬಾಯಿಂದ ಇಂಗ್ಲಿಷ್ ಕಲಿಯೋಣ ಎಂದು ಬಂದವರಿಗೆ ಸಿಕ್ಕಿದ್ದು ಮೈಸೂರಿನ ನಾನು! ಅವರ ಹಣೆಬರಹ.

ನಾನು ಸೇರಿದ ಬೇಸಿಗೆ ಶಾಲೆಯ ತರಗತಿಯಲ್ಲಿ ಹದಿನಾಲ್ಕು ಜನ. ಆ ವಾರದ ಪಾಠ ‘ಇಂಟರ್ನೆಟ್ ಚಟ’. ಮಂಗಳವಾರ ಮಧ್ಯಾಹ್ನ ಕಿಟಕಿಗಳು ತೆರೆದಿದ್ದವು. ಯಾವುದೋ ಹೂವಿನ ಬಿಳಿ ತುಪ್ಪಳ ಗಾಳಿಯಲ್ಲಿ ತೇಲುತ್ತ ಒಳಗೆ ಬಂದು ನನ್ನ ಪುಸ್ತಕದ ಮೇಲೆ ಕೂರುತ್ತಿತ್ತು. ನಾನು ಓದುತ್ತಿದ್ದೆ. ಹದಿನಾಲ್ಕು ತಲೆಗಳೂ ಬಾಗಿದ್ದವು. ಎಂಥ ಏಕಾಗ್ರತೆ! ಹತ್ತಿರ ಹೋಗಿ ನೋಡಿದರೆ ಹದಿನಾಲ್ಕು ತೊಡೆಗಳ ಮೇಲೂ ಮೊಬೈಲು.

"ಲುಸಿಯಾ, ಅಡಿಕ್ಷನ್ ಅಂದ್ರೇನು?" ಎಂದು ಸ್ಪೇನಿನ ಹುಡುಗಿಯನ್ನು ಗಟ್ಟಿಯಾಗಿ ಕೇಳಿದೆ.

ಅವಳು ತಲೆ ಎತ್ತದೆ, "ಒಂದ್ನಿಮಿಷ ಮಿಸ್, ಅದನ್ನೇ ಹುಡುಕ್ತಿದ್ದೀನಿ" ಎಂದಳು.

ಮನೆಗೆ ಬಂದವಳೇ ಗಂಡನ ಮುಂದೆ ಘೋಷಿಸಿದೆ: "ನಾಳೆ ಆ ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ. ಒಬ್ಬರ ಕೈಯಲ್ಲೂ ಮೊಬೈಲ್ ಇರಲ್ಲ!"

"ನೀನು ಅಡುಗೆಮನೆಗೂ ಮೊಬೈಲ್ ಇಲ್ದೆ ಹೋಗಲ್ವಲ್ಲೇ, ಶೈಲಾ."

"ಅದು ರೆಸಿಪಿ ನೋಡೋಕೆ ರೀ."

"ಅನ್ನ ಮಾಡೋಕೂ ರೆಸಿಪಿನಾ?"

ಚರ್ಚೆಯನ್ನು ನಾನು ಅಲ್ಲಿಗೇ ಮುಕ್ತಾಯಗೊಳಿಸಿದೆ.

ಮರುದಿನ ಹೊರಡುವಾಗ ಶಾಲೆಯ ಮೇಲ್ವಿಚಾರಕಿ ತುರ್ತು ನಂಬರುಗಳ ಚೀಟಿ ಕೊಟ್ಟಳು. ಚೀಟಿ ಕಳೆದುಹೋದರೆ ಏನು ಗತಿ? ಮುಂದಾಲೋಚನೆಯಿಂದ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಚೀಟಿಯನ್ನು ಅವಳಿಗೇ ಹಿಂದಿರುಗಿಸಿದೆ. ಆಮೇಲೆ ಬಟ್ಟೆಚೀಲ ಹಿಡಿದು ಮಕ್ಕಳ ಮುಂದೆ ನಿಂತೆ. ಒಂದೊಂದೇ ಮೊಬೈಲು ಒಳಗೆ ಬಿತ್ತು. ಇಟಲಿಯ ಮತ್ತೆಯೊ ಎಂಬ ಹುಡುಗ ಮಾತ್ರ ತನ್ನ ಕಿಡ್ನಿಯನ್ನೇ ಕಿತ್ತು ಕೊಡುವವನಂತೆ ಮುಖ ಮಾಡಿದ. ಹೇಳುವವಳೇ ಮಾಡದಿದ್ದರೆ ಹೇಗೆ ಎಂದು ನನ್ನ ಮೊಬೈಲನ್ನೂ ಎಲ್ಲರೆದುರು ಚೀಲಕ್ಕೆ ಹಾಕಿದೆ. ಚಪ್ಪಾಳೆ!

ಡಬಲ್ ಡೆಕರ್ ಬಸ್ಸಿನ ಮೇಲ್ಮಹಡಿಯಲ್ಲಿ ಕೂತೆವು. ಊರು ದಾಟಿದ ಮೇಲೆ ರಸ್ತೆ ಕಿರಿದಾಯಿತು. ಎರಡೂ ಕಡೆ ಕೆಂಪು ಹೂ ಬಿಟ್ಟ ಬೇಲಿ. ಬೇಲಿಯಾಚೆ ಬಿಸಿಲು ಕಾಯುತ್ತ ಮಲಗಿದ ದನಗಳು, ಅವುಗಳ ಹಿಂದೆ ಒಮ್ಮೆ ಕಂಡು ಒಮ್ಮೆ ಮರೆಯಾಗುವ ನೀಲಿ ಗೆರೆ. ಮಕ್ಕಳು ಗಾಜಿಗೆ ಹಣೆ ಒತ್ತಿ ಕೂತಿದ್ದರು. ಹಿಂದೆ ಯಾರೋ ಸಣ್ಣಗೆ ಗುನುಗುತ್ತಿದ್ದರು. ಬಸ್ಸು ಹೋಗುತ್ತಿದೆಯೋ ತೇಲುತ್ತಿದೆಯೋ ತಿಳಿಯದ ಹಾಗಾಯಿತು. ನಾನು ಎಚ್ಚರವಾಗಿದ್ದೆ ಎಂದು ಪ್ರಮಾಣ ಮಾಡಿ ಹೇಳಲಾರೆ.

"ಮಿಸ್! ಬೀಚ್! ಸ್ಟಾಪ್!"

ದಡಬಡಿಸಿ ಎದ್ದು ಎಲ್ಲರನ್ನೂ ಇಳಿಸಿ, ಹದಿನಾಲ್ಕು ತಲೆ ಎಣಿಸಿ, ನಿಟ್ಟುಸಿರು ಬಿಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಮಿಸ್," ಮತ್ತೆಯೊ ಮೆಲ್ಲಗೆ ಕೇಳಿದ, "ಬ್ಯಾಗ್ ಎಲ್ಲಿ?"

ಬ್ಯಾಗು ಮೇಲ್ಮಹಡಿಯ ಮುಂದಿನ ಸೀಟಿನಲ್ಲಿ ಕೂತು ಪ್ರಕೃತಿ ಸೌಂದರ್ಯ ಸವಿಯುತ್ತ ಮುಂದಿನ ಊರಿಗೆ ಹೋಗುತ್ತಿತ್ತು!

ಬಸ್ಸಿನ ಹಿಂದೆ ಓಡಿದೆ. ಇಪ್ಪತ್ತು ಹೆಜ್ಜೆಗೇ ಐರ್ಲೆಂಡಿನ ಗಾಳಿ ನನ್ನನ್ನು ವಾಪಸ್ ಕಳಿಸಿತು. ಶಾಲೆಗೆ ಫೋನ್ ಮಾಡೋಣವೆಂದರೆ ನಂಬರು ಫೋಟೋದಲ್ಲಿ, ಫೋಟೋ ಮೊಬೈಲಿನಲ್ಲಿ, ಮೊಬೈಲು ಚೀಲದಲ್ಲಿ, ಚೀಲ ಬಸ್ಸಿನಲ್ಲಿ. ಹದಿನಾಲ್ಕು ತಂದೆತಾಯಿಗಳ ಮುಖ ಕಣ್ಣಮುಂದೆ ಬಂತು. ಕೆಲಸ ಹೋಯಿತು ಅಂದುಕೊಂಡೆ.

ಅರ್ಧ ಗಂಟೆ ಹೀಗೇ ಒದ್ದಾಡಿದ ಮೇಲೆ ಲುಸಿಯಾ, ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಅಜ್ಜಿಯನ್ನು ಕರೆತಂದಳು. ಅಜ್ಜಿ ಕೋಟಿನಿಂದ ತನ್ನ ಫೋನ್ ತೆಗೆದು, "ಯಾರಿಗೆ ಬೇಕಾದ್ರೂ ಮಾಡು ಮಗಳೇ" ಎಂದಿತು. ಯಾರಿಗೆ? ಗಂಡನ ನಂಬರಿನಲ್ಲಿ ಎಂಟು ಇದೆ ಎಂಬುದಷ್ಟೇ ನೆನಪಿತ್ತು. ಎಷ್ಟು ಎಂಟು ಎಂಬುದು ತಿಳಿಯದು! ಕಣ್ಣು ಮುಚ್ಚಿದೆ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದ ಒಂದೇ ಒಂದು ನಂಬರು ಮಗ್ಗಿಯ ಹಾಗೆ ತಾನಾಗಿ ತೇಲಿಬಂತು. ಮೈಸೂರಿನ ತವರುಮನೆಯ ಲ್ಯಾಂಡ್‌ಲೈನ್; ಈಗ ಅಲ್ಲಿ ಅಕ್ಕ ಇದ್ದಾಳೆ. ಇಂಡಿಯಾಕ್ಕೆ ಕಣಜ್ಜಿ ಎಂದು ಸಂಕೋಚದಿಂದ ಹೇಳಿದರೆ, "ಯೂ ಆರ್ ಗ್ರ್ಯಾಂಡ್" ಎಂದುಬಿಟ್ಟಿತು. ‘ಪರವಾಗಿಲ್ಲ ಬಿಡು’ ಎನ್ನುವುದಕ್ಕೆ ಇಲ್ಲಿನವರ ಮಾತು ಅದು.

"ಅಕ್ಕಾ, ನಾನು ಶೈಲಾ!"

"ಎಲ್ಲಿ ಹಾಳಾಗಿ ಹೋಗಿದ್ದೀಯೇ?" ಗಿರಿಜಕ್ಕ ಗುಡುಗಿದಳು. "ನಿನ್ನ ಮೊಬೈಲಿಗೆ ಮಾಡಿದ್ರೆ ಯಾರೋ ಗಂಡಸು ಎತ್ತಿದನಂತೆ! ಪ್ರಸನ್ನ ಗಾಬರಿಯಾಗಿ ಇಲ್ಲಿಗೆ ಫೋನ್ ಮಾಡಿದ್ದ."

"ಅಯ್ಯೋ, ಯಾರಂತೆ?"

"ಬಸ್ ಡ್ರೈವರ್ ಅಂತೆ ಕಣೇ, ಬಸ್ಸು ನಿಲ್ಲಿಸಿ ಎತ್ತಿದನಂತೆ. ನಾಲ್ಕೂವರೆಗೆ ಅದೇ ಸ್ಟಾಪಿಗೆ ಚೀಲ ತರ್ತಾನಂತೆ. ಈಗ ಇಡು, ಸೀರಿಯಲ್‌ನಲ್ಲಿ ಅವಳು ಸತ್ಯ ಹೇಳೋ ಹೊತ್ತು."

ಇಟ್ಟೆ. ಮಕ್ಕಳಿಗೆ ಸುದ್ದಿ ಹೇಳಿದೆ. ಕಾಯುವುದಕ್ಕೆ ಎರಡು ಗಂಟೆ.

ಆ ಎರಡು ಗಂಟೆ ನಿಜಕ್ಕೂ ಒಂದು ಕನಸು. ನೀರು ದೂರ ಸರಿದು, ಒದ್ದೆ ಮರಳಿನಲ್ಲಿ ಇಡೀ ಆಕಾಶ ಇಳಿದಿತ್ತು. ಮಕ್ಕಳು ಮೋಡಗಳ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಮತ್ತೆಯೊ ಹಿಮ್ಮಡಿಯಿಂದ ಮರಳಿನಲ್ಲಿ ಕಾಲುವೆ ತೋಡಿದ. ಲುಸಿಯಾ ಅಜ್ಜಿಯ ಜೊತೆ ನಾಯಿಯ ವಯಸ್ಸು, ನಾಯಿಯ ಮಂಡಿನೋವು ಎಲ್ಲ ಮಾತಾಡಿದಳು. ಕ್ರಿಯಾಪದಗಳು ಸಾಲಾಗಿ ಸಾಯುತ್ತಿದ್ದರೂ ಇಂಗ್ಲಿಷ್ ಮಾತ್ರ ನಿಲ್ಲಲಿಲ್ಲ. ಮೂರು ವಾರದಲ್ಲಿ ನನ್ನ ತರಗತಿಯಲ್ಲಿ ಅವಳು ಅಷ್ಟು ಮಾತಾಡಿರಲಿಲ್ಲ. ಬಂಡೆಯ ಮೇಲೆ ಕೂತ ನನಗೆ ಎದೆ ಉಬ್ಬಿತು. ಆದದ್ದೆಲ್ಲ ನನ್ನದೇ ಯೋಜನೆ ಎನ್ನಿಸತೊಡಗಿತು. ಈ ಬೋಧನಾ ಪದ್ಧತಿಗೆ ನನ್ನ ಹೆಸರನ್ನೇ ಇಟ್ಟರೂ ತಪ್ಪಿಲ್ಲ!

ನಾಲ್ಕೂವರೆಗೆ ಸರಿಯಾಗಿ ಬಸ್ಸು ಬಂತು. ಡ್ರೈವರ್ ಚೀಲ ಕೊಡುತ್ತ, "ದಾರಿಯುದ್ದಕ್ಕೂ ಒಳ್ಳೇ ವಾದ್ಯ ನುಡಿಸ್ತಿತ್ತು, ಲವ್. ಮದುವೆಗೆ ಹೋದ ಹಾಗಾಯ್ತು" ಎಂದ. ಇಲ್ಲಿ ಅಪರಿಚಿತರನ್ನೂ ‘ಲವ್’ ಎಂದು ಕರೆಯುವುದು ರೂಢಿ. ಅದು ನನ್ನ ನಾದಸ್ವರದ ರಿಂಗ್‌ಟೋನ್. ಪ್ರಸನ್ನ ಹನ್ನೊಂದು ಸಲ ಮಾಡಿದ್ದ.

ಹಿಂದಿರುಗುವಾಗ ಅದೇ ಹೂಬೇಲಿ, ಅದೇ ನೀಲಿ ಗೆರೆ. ನೋಡುವವರಿರಲಿಲ್ಲ. ಬಸ್ಸಿನಲ್ಲಿ ಹದಿನೈದು ತಲೆಗಳು ಬಾಗಿದ್ದವು. ಹದಿನೈದನೆಯದು ನನ್ನದು.

ಮರುದಿನ ‘ಮೊಬೈಲ್ ಇಲ್ಲದ ಒಂದು ದಿನ’ ಎಂಬ ಪ್ರಬಂಧ ಬರೆಸಿದೆ. ಎಲ್ಲರೂ ತೆಪ್ಪಗೆ ಬರೆದರು. ಲುಸಿಯಾ ಬರೆದಿದ್ದಳು: "ನಮಗೆ ಅರ್ಧ ಗಂಟೆಯಲ್ಲಿ ಮೊಬೈಲ್ ಮರೆತೇ ಹೋಯಿತು. ಆದರೆ ಬಂಡೆಯ ಮೇಲಿಂದ ಒಂದು ಕೈ ಖಾಲಿ ಜೇಬು ಮುಟ್ಟಿ ನೋಡುತ್ತಲೇ ಇತ್ತು. ನಾವು ಆಟವಾಡುತ್ತ ಎಣಿಸಿದೆವು. ಮೂವತ್ತೊಂದು ಸಲ. ಪಾಪ, ಟೀಚರುಗಳಿಗೆ ಈ ಚಟ ಬಿಡುವುದು ಕಷ್ಟ."

ಎರಡು ಸಲ ಓದಿದೆ. ವ್ಯಾಕರಣದಲ್ಲಿ ಒಂದೇ ಒಂದು ತಪ್ಪು ಸಿಕ್ಕಿತು. ‘ಟೀಚರುಗಳಿಗೆ’ ಎಂಬ ಬಹುವಚನವನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿ ಏಕವಚನ ಮಾಡಿ, ಪೂರ್ತಿ ಅಂಕ ಕೊಟ್ಟೆ.