ಉತ್ತರ ಎಂದರೆ ನಿಂತುಬಿಡುವ ಮಿಷನ್

ಸರ್ಕಾರಿ ಕಚೇರಿಯಲ್ಲಿ ಪ್ರಶ್ನೆ ಕೇಳುವವನಿಗೆ ಭಯವಿಲ್ಲ, ಉತ್ತರ ಕೊಡುವವನಿಗೆ ಮಾತ್ರ ಜೀವ ಬಾಯಿಗೆ ಬಂದಿರುತ್ತದೆ. ಕೂಡ್ಲಿಗಿಯ ನಮ್ಮ ಕಚೇರಿಯ ಟೈಪ್ ಮಿಷನ್ನಿಗೂ ಇದೇ ರೋಗ. ನಾವಾಗಿ ಬರೆಯುವ ಪತ್ರಗಳನ್ನು ಟಕಟಕನೆ ಹೊಡೆದು ಬಿಸಾಡುತ್ತಿತ್ತು. ಬಂದ ಪತ್ರಕ್ಕೆ ಉತ್ತರ ಹೊಡೆಯಲು ಕೂತರೆ ಎರಡೇ ಸಾಲಿಗೆ ಕರ್ರೆಂದು ನಿಲ್ಲುತ್ತಿತ್ತು. ನಿಂತರೆ ನನಗೇನು ಎಂದುಕೊಂಡಿದ್ದೆ, ನನ್ನದೇ ಉತ್ತರ ಹೋಗಬೇಕಾಗಿ ಬರುವವರೆಗೆ. "ಕೊಟ್ಟೂರಿಗೆ ವರ್ಗವಾದರೆ ಒಪ್ಪಿಗೆಯೇ?" ಎಂದು ಜಿಲ್ಲಾ ಕಚೇರಿ ಕೇಳಿತ್ತು. ಒಪ್ಪಿಗೆಯೇ ಅಂತೆ! ಹೆಂಡತಿ ಮಕ್ಕಳು ಕೊಟ್ಟೂರಿನಲ್ಲಿ, ನಾನಿಲ್ಲಿ ಬಾಡಿಗೆ ಕೋಣೆಯಲ್ಲಿ ಸೀದ ಅನ್ನ ತಿನ್ನುತ್ತಿದ್ದೆ. ಅವತ್ತಿನ ಟಪಾಲಿಗೆ ಉತ್ತರ ಹೋಗದಿದ್ದರೆ ಆ ಜಾಗ ಬೇರೆಯವನ ಪಾಲು.

ಕಚೇರಿಯ ಮೇಧಾವಿಗಳೆಲ್ಲ ಮಿಷನ್ ಸುತ್ತ ನೆರೆದರು. ಟೈಪಿಸ್ಟ್ ನಾಗರತ್ನಮ್ಮ, "ಆಯುಧ ಪೂಜಿಗೆ ಕುಂಬಳಕಾಯಿ ಒಡಿಲಿಲ್ಲಲ್ರಿ, ಅದಕ್ಕ ಸಿಟ್ಟಾಗೇತಿ" ಎಂದರು. ಹೆಡ್ ಕ್ಲರ್ಕ್ ರುದ್ರಪ್ಪನವರು ನಿಂಬೆಹಣ್ಣು ನಿವಾಳಿಸಿ ಅದರ ಮೇಲೆಯೇ ಹಿಂಡಿದರು. ತುಕ್ಕು ಹಿಡಿಸುವುದಕ್ಕೂ ಭಕ್ತಿ ಬೇಕು. ಹಿಂದಿನ ವಾರ ಹೊಸಪೇಟೆಯಿಂದ ಬಂದ ಮೆಕ್ಯಾನಿಕ್ಕಂತೂ ಒಂದು ಹಾಳೆ ಸಿಕ್ಕಿಸಿ ಹೊಡೆದು, "ಫಸ್ಟ್ ಕ್ಲಾಸ್ ಐತ್ರಿ" ಎಂದು ಚಹಾ ಕುಡಿದು ಹೋಗಿದ್ದ.

ಒಂದು ಹಾಳೆ! ಆಗ ನನ್ನ ತಲೆಗೆ ಹೊಳೆಯಿತು. ನಾವಾಗಿ ಬರೆಯುವ ಪತ್ರಕ್ಕೆ ಒಂದೋ ಎರಡೋ ಹಾಳೆ ಸಾಕು. ಉತ್ತರಕ್ಕೆ ಮಾತ್ರ ನಾವು ಸಿಕ್ಕಿಸುತ್ತಿದ್ದುದು ಎಂಟು ಹಾಳೆ, ನಡುನಡುವೆ ಕಾರ್ಬನ್, ಒಳ್ಳೇ ಕೌದಿಯಷ್ಟು ದಪ್ಪ. ಜಿಲ್ಲೆಯ ಎಲ್ಲ ಕಚೇರಿಗಳಿಗೂ ಪ್ರತಿ ಹೋಗಬೇಕು, ನಮ್ಮ ಕಡತದಲ್ಲೂ ಒಂದು ಉಳಿಯಬೇಕು ಎಂಬುದು ರುದ್ರಪ್ಪನವರ ಕಾನೂನು. ಪಾಪದ ಮಿಷನ್ ಉಸಿರುಗಟ್ಟಿ ನಿಲ್ಲುತ್ತಿತ್ತು, ಅಷ್ಟೆ.

"ಒಂದ ಹಾಳಿ ಹಾಕ್ರಿ ಅಕ್ಕಾರ" ಎಂದೆ.

"ಉತ್ತರಕ್ಕ ಸಾಕ್ಷಿ ಬೇಕೋ ತಮ್ಮಾ. ನಾಳಿ ಯಾರಾರ ಕೇಳಿದ್ರ ಏನ್ ತೋರಸ್ತಿ?" ಎಂದರು ರುದ್ರಪ್ಪನವರು.

"ಯಾರೂ ಕೇಳಂಗಿಲ್ಲ ಬಿಡ್ರಿ ಸಾಹೇಬ್ರ" ಎಂದು ನಕ್ಕೆ. ಹೆದರುಪುಕ್ಕ ಮುದುಕ ಎಂದು ಮನಸ್ಸಿನಲ್ಲೇ ಬೈದೆ. ಮಿಷನ್ ಕೊನೆಯವರೆಗೂ ಎಲ್ಲೂ ನಿಲ್ಲದೆ ಓಡಿತು, ಉತ್ತರ ಟಪಾಲಿಗೆ ಹೋಯಿತು.

ತಿಂಗಳಾದರೂ ಸುದ್ದಿಯಿಲ್ಲ. ಬಳ್ಳಾರಿಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿಯ ಗುಮಾಸ್ತ ತಲೆಯೆತ್ತದೆ, "ನಿಮ್ಮ ಒಪ್ಪಿಗಿ ನಮಗ ಮುಟ್ಟೇ ಇಲ್ರಿ. ಪ್ರತಿ ಇದ್ರ ತೋರಸ್ರಿ" ಎಂದ. ಕೊಟ್ಟೂರಿನ ಜಾಗ ಹಡಗಲಿಯವನೊಬ್ಬನಿಗೆ ಹೋಗಿತ್ತು. ತಿರುಗಿ ಬಂದಾಗ ರುದ್ರಪ್ಪನವರು ಒಂದು ಕಟ್ಟು ಕಾರ್ಬನ್ ನನ್ನ ಮೇಜಿನ ಮೇಲಿಟ್ಟು ಹೋದರು.

ಸೀದ ಅನ್ನ ಇನ್ನೂ ನಡೆದಿದೆ. "ಊಟ ಸರಿಯಾಗಿ ಮಾಡ್ತೀರೇನ್ರಿ?" ಎಂದು ಹೆಂಡತಿ ಕಾಗದ ಬರೆದರೆ, ಮಾಡುತ್ತೇನೆ ಎಂಬ ಸುಳ್ಳನ್ನೂ ಈಗ ಕಾರ್ಬನ್ ಇಟ್ಟೇ ಬರೆಯುತ್ತೇನೆ.