ಮಾದರಿ ಸಂಖ್ಯೆ ನಲವತ್ತೊಂದು

ಚಹಾ ಕುಡಿಯಲು ಮಿಲಿಗ್ರಾಂ ಎದ್ದುಹೋದದ್ದು ಬರೀ ಆರು ನಿಮಿಷ. ಬಂದು ನೋಡಿದರೆ ಮೇಜಿನ ಮೇಲಿದ್ದ ನಲವತ್ತೊಂದನೇ ಮಾದರಿಯ ತಂಬಾಕಿನ ಡಬ್ಬಿ ಬೋಳಿಸಿದ ತಲೆಯಂತೆ ಖಾಲಿ.

ಅವನು ಒಂದು ಕೃಷಿ ಪ್ರಯೋಗಾಲಯದ ಕಿರಿಯ ಪರೀಕ್ಷಕ. ಮನೆಯಲ್ಲಿ ಉಪ್ಪನ್ನೂ ತೂಗಿಯೇ ಹಾಕುತ್ತಾನೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಮಿಲಿಗ್ರಾಂ. ಎಲೆಯಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ಸಂಜೆ ನಾಲ್ಕಕ್ಕೆ ಅವನು ವರದಿ ಕೊಡಬೇಕಿತ್ತು. ಅವನನ್ನು ಕಾಯಂ ಮಾಡುವ ಕಡತ ಮುಖ್ಯಸ್ಥರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಕಿಟಕಿಯ ಬಳಿ ಹಿರಿಯ ಗುಮಾಸ್ತರು ನೆಮ್ಮದಿಯಾಗಿ ಹೊಗೆ ಬಿಡುತ್ತಿದ್ದರು.

"ನಿನ್ನ ಡಬ್ಬೀಲಿ ಒಳ್ಳೇ ಮಾಲಿತ್ತು ಕಣಯ್ಯ. ಎರಡು ಸುತ್ಕೊಂಡೆ. ಮಿಕ್ಕಿದ್ದು ಫ್ಯಾನಿನ ಗಾಳಿಗೆ ಹಾರಿಹೋಯ್ತು."

"ಸಾರ್, ಅದು ಪರೀಕ್ಷೆಗೆ ಬಂದ ಎಲೆ."

"ನಾನೂ ಪರೀಕ್ಷೇನೇ ಮಾಡಿದ್ದು. ಪಾಸು."

ಮಿಲಿಗ್ರಾಂ ಬಿಳಿಚಿಕೊಂಡ. ಪಕ್ಕದ ಮೇಜಿನಲ್ಲಿ ಮಣ್ಣು ಪರೀಕ್ಷಿಸುವ ಅಕ್ಕ ಕೇಳದೆಯೇ ಉಪಾಯ ಹೇಳಿದಳು. "ತಂಬಾಕಿಗೇನು ಬರವೇನೋ? ಹೊರಗಿಂದ ಒಂದು ಪೊಟ್ಟಣ ತಂದು ಹಾಕು. ಎಲೆ ಬಾಯಿಬಿಟ್ಟು ಹೇಳುತ್ತಾ?"

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಓಡಿಹೋಗಿ ತಂದ, ಪುಡಿಮಾಡಿದ, ದ್ರಾವಣ ಸುರಿದ. ಸೀಸೆಯನ್ನು ಹತ್ತು ನಿಮಿಷ ಕುಲುಕಬೇಕು. ಗಡಿಯಾರ ನೋಡುತ್ತಲೇ ಕುಲುಕಿದ. ಸೋಸಿ ಯಂತ್ರಕ್ಕೆ ಕೊಟ್ಟ.

ಪರದೆಯ ಮೇಲಿನ ಗೆರೆ ಸಾಲುಬೆಟ್ಟಗಳಂತೆ ಏಳತೊಡಗಿತು. ಹನ್ನೊಂದು ಬಗೆಯ ಕೀಟನಾಶಕ, ಅವುಗಳಲ್ಲಿ ಎರಡು ನಿಷೇಧಿತ. ಯಂತ್ರ ಉಗುಳಿದ ಹಾಳೆಯನ್ನು ಬಚ್ಚಿಡಬೇಕೆನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಮುಖ್ಯಸ್ಥರು ಕಿತ್ತುಕೊಂಡರು.

"ಅಬ್ಬಾ, ಇದು ಎಲೆನೋ, ಔಷಧದ ಅಂಗಡಿನೋ? ಸೇದಿದವನ ಗತಿ ಮುಗೀತು," ಎಂದು ಇಡೀ ಕಚೇರಿಗೆ ಕೇಳುವಂತೆ ಓದಿದರು.

ಏಳನೆಯ ಹೆಸರಿಗೆ ಗುಮಾಸ್ತರು ಎದೆ ಹಿಡಿದುಕೊಂಡರು. ಹನ್ನೊಂದನೆಯದಕ್ಕೆ ಕುರ್ಚಿಯಿಂದ ಜಾರಿದರು.

ಆಸ್ಪತ್ರೆಯಲ್ಲಿ ವೈದ್ಯೆ ಎರಡು ಸಲ ಪರೀಕ್ಷಿಸಿದರು. "ದೇಹದಲ್ಲಿ ಏನೂ ಇಲ್ಲ. ಆದರೆ ಹೀಗೇ ಹೆದರ್ತಾ ಇದ್ರೆ ಹೃದಯ ತಡೆಯಲ್ಲ."

"ನನ್ನ ಹೆಂಡತಿಗೆ ಹೇಳಿಬಿಡಯ್ಯ," ಎಂದು ಗುಮಾಸ್ತರು ಮಿಲಿಗ್ರಾಂನ ಕೈ ಹಿಡಿದರು, "ಅವಳು ಬೇಡ ಅಂದಾಗಲೇ ಬಿಡಬೇಕಿತ್ತು ಅಂತ."

ಆ ಕೈ ಮಂಜುಗಡ್ಡೆಯಂತೆ ತಣ್ಣಗಿತ್ತು. ಮಂಚದ ಆಚೆ ಬದಿಯಲ್ಲಿ ಮುಖ್ಯಸ್ಥರು ನಿಂತಿದ್ದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಒಂದು ಜೀವ. ಮಿಲಿಗ್ರಾಂ ಮನಸ್ಸಿನಲ್ಲೇ ಎರಡನ್ನೂ ತೂಗಿದ. ಕಣ್ಣುಮುಚ್ಚಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ.

ಗುಮಾಸ್ತರು ಎದ್ದು ಕುಳಿತರು. ಮುಖಕ್ಕೆ ರಕ್ತ ಬಂತು. ನೀರು ಬೇಕೆಂದರು, ದಿಂಬು ಸರಿಮಾಡಿ ಎಂದರು.

"ಅಂದ್ರೆ ನಾನು ಸೇದಿದ ಎಲೆಗೂ ಆ ವರದಿಗೂ ಸಂಬಂಧವೇ ಇಲ್ಲ?"

"ಇಲ್ಲ ಸಾರ್."

"ಬದುಕ್ದೆ. ಅಲ್ಲಯ್ಯ, ಅಂಥ ವಿಷ ನಿನಗೆಲ್ಲಿ ಸಿಕ್ತು?"

"ಇಲ್ಲೇ ಸಾರ್, ನಮ್ಮ ಗೇಟಿನೆದುರು ಅಂಗಡೀಲಿ."

ಗುಮಾಸ್ತರು ಲೋಟ ಕೆಳಗಿಟ್ಟರು.

"ಇಪ್ಪತ್ತೆರಡು ವರ್ಷದಿಂದ ನಾನು ಅಲ್ಲೇ ತಗೊಳ್ಳೋದು," ಎಂದು ಮೆಲ್ಲಗೆ ಮತ್ತೆ ಮಲಗಿಕೊಂಡರು. ವೈದ್ಯೆ ಓಡಿಬಂದರು.

ಮುಖ್ಯಸ್ಥರು ಮಿಲಿಗ್ರಾಂನ ಭುಜದ ಮೇಲೆ ಕೈಯಿಟ್ಟರು. "ಇವರ ಹತ್ರ ನೀನೇ ಕೂತಿರಪ್ಪ, ಎಷ್ಟು ದಿನವಾದ್ರೂ ಸರಿ. ನಾಳೆಯಿಂದ ನಿನಗೆ ಬೇರೆ ಕೆಲಸವೇನೂ ಇಲ್ಲವಲ್ಲ."