ಬೇಸರಕ್ಕೆ ಟೇಪು ಹಿಡಿದ ಕಾಕಾ

ಜಗತ್ತಿನಲ್ಲಿ ಬೇಸರಕ್ಕೂ ಟೇಪು ಹಿಡಿದ ದರ್ಜಿ ಯಾರಾದರೂ ಇದ್ದರೆ ಅವನು ಶಲವಡಿಯ ನಮ್ಮ ಕಾಕಾ! ನಗಬೇಡಿ, ಇದು ವಿಜ್ಞಾನದ ವಿಷಯ.

ಆ ವರ್ಷ ಕಾಕಿಗೆ ಬೇಸರ ಹತ್ತಿತ್ತು. ನಾವು ನೀವು ಮಾತುಮಾತಿಗೆ ಅನ್ನುವ ಬೇಸರವಲ್ಲ. ರೊಟ್ಟಿ ಬಡಿಯುತ್ತ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ಗುಣ ಕಾಣಲಿಲ್ಲ.

"ಈ ರೋಗ ಎಲ್ಲಾರಿಗೂ ಒಂದ ಥರಾ ಇರಂಗಿಲ್ರಿ. ರಕ್ತದಾಗ, ಮೂತ್ರದಾಗ ಅದರ ಗುರುತು ಹುಡುಕಾಕತ್ತೀವಿ. ಸಿಕ್ರ, ಯಾರಿಗೆ ಯಾವ ಗುಳಿಗಿ ಅಂತ ಗೊತ್ತಾಗತೈತಿ," ಎಂದರು ಅವರು.

"ಅಂದ್ರ ಇಷ್ಟು ದಿನಾ ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲದ್ರೇನ್ರಿ?" ಎಂದ ಕಾಕಾ. ಡಾಕ್ಟರು, ಪಾಪ, ಹೌದೆಂದುಬಿಟ್ಟರು!

ಮುಗಿಯಿತಲ್ಲ, ಕಾಕಾ ಸಂಶೋಧಕನಾದ. ಅಳತೆ ಕೊಡಲು ಬಂದವರಿಗೆಲ್ಲ "ನಿದ್ದಿ ಹತ್ತತೈತೇನು? ರೊಟ್ಟಿ ಎಷ್ಟು ತಿಂತಿ?" ಎಂದು ಕೇಳಿ, ಎದೆ, ತೋಳು, ಕೊರಳಿನ ಕೆಳಗೆ ಬೇಸರಕ್ಕೂ ಒಂದು ಅಂಕಿ ಬರೆದಿಡತೊಡಗಿದ. ಗೌಡರಿಗೆ ಕೊರಳು ಹದಿನೈದು, ಬೇಸರ ಇಪ್ಪತ್ತೆರಡು. ಬಟ್ಟೆ ಕತ್ತರಿಸುವಾಗ ಸಾಲು ತಪ್ಪಿತು ನೋಡಿ! ಹೊಸ ಅಂಗಿ ತೊಟ್ಟ ಗೌಡರ ಕಾಲರಿನೊಳಗೆ ಇನ್ನೊಂದು ತಲೆಗೆ ಜಾಗವಿತ್ತು.

"ಏನ್ಲೇ ಇದು?"

"ನಿಮ್ಮ ಬ್ಯಾಸರಾ ಅಗದಿ ದೊಡ್ಡದೈತ್ರಿ, ಗೌಡ್ರ!"

ಹೋಲಿಸಿ ನೋಡಲು ಬೇಸರವಿಲ್ಲದವರ ಮೂತ್ರವೂ ಬೇಕೆಂದು ಡಾಕ್ಟರು ಒಮ್ಮೆ ಬಾಯಿತಪ್ಪಿ ಅಂದರು. ಕಾಕಾ ಊರಲ್ಲಿ ನಗುನಗುತ್ತ ಇರುವವರನ್ನೆಲ್ಲ ಹಿಡಿದು ಆರು ಬಾಟಲಿ ತುಂಬಿಸಿದ. ಕಾಕಿಯನ್ನೂ ನನ್ನನ್ನೂ ಹೊರಡಿಸಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ. ಕಂಡಕ್ಟರ್ ಚೀಲದೊಳಗೆ ಇಣುಕಿದ.

"ಕುಸುಬಿ ಎಣ್ಣಿ ಭಾಳ ತಿಳಿ ಐತಲ್ರಿ! ನಮಗೊಂದು ಬಾಟ್ಲಿ ಕೊಡ್ರಿ."

"ಇದು ನಮ್ಮೂರ ಖುಷಿ ಐತ್ರಿ. ಮಾರಂಗಿಲ್ಲ!"

ಡಾಕ್ಟರು ಬಾಟಲಿಗಳನ್ನು ನೋಡಿ ತಲೆ ಹಿಡಿದುಕೊಂಡರು. ಮೇಲೆ ಹೆಸರಿಲ್ಲ, ತುಂಬಿಸಿದ ಹೊತ್ತಿಲ್ಲ, ಯಾವುದು ಯಾರದೆಂದು ಕಾಕಾನಿಗೂ ಗೊತ್ತಿಲ್ಲ.

"ಇವು ನಡೆಯಂಗಿಲ್ರಿ. ಆರಾಮ ಇದ್ದವರು ಯಾರರ ಇಲ್ಲೇ ರಕ್ತ ಕೊಡಬೇಕು."

"ನಂದ ತಗೋರಿ!" ಕಾಕಾ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ. "ಇಡೀ ಶಲವಡ್ಯಾಗ ನನ್ನಷ್ಟು ಆರಾಮ ಇದ್ದಾಂವ ಯಾರೂ ಇಲ್ಲ!"

ನಾನು ನಕ್ಕೆ. ಡಾಕ್ಟರೂ ನಕ್ಕು ಸೂಜಿ ಕೈಗೆತ್ತಿಕೊಂಡರು. ಆಗ ಬೆಂಚಿನ ಮೇಲಿದ್ದ ಕಾಕಿ ತಲೆಯೆತ್ತಿದಳು. ಮೂರು ತಿಂಗಳಿಂದ ಹೂಂ, ಊಹೂಂ ಬಿಟ್ಟು ಬೇರೇನೂ ಆಡದಿದ್ದವಳು ಬಾಯಿ ಬಿಟ್ಟಳು. ಆ ದನಿ ಕೇಳಿಯೇ ನನಗೆ ಅಳು ಬಂತು.

"ಅವರದು ಬ್ಯಾಡ್ರಿ, ಡಾಕ್ಟರ. ನಾ ಮಲಗೀನಿ ಅಂತ ತಿಳಕೊಂಡು, ಅವರು ದಿನಾ ಹೊಲಿಗಿ ಮಿಷನ್ ಮುಂದ ಕುಂತು ಅಳತಾರ."